ಗೋದಾಮುಗಳ ಬೀದಿಗೆ ಹೊರಟವರಿಗೆ: ಮಟ್ಟಾಂಚೇರಿ, ಆಲಪ್ಪುಳ, ಕಲ್ಲಿಕೋಟೆ, ಮಂಗಳೂರು

ಕಾಸರಗೋಡಿನ ಹಳೆಯ ಮನೆಗಳ ಮಾಡಿಗೆ ಮಂಗಳೂರಿನ ಹಂಚು, ಬಾವಿಯ ರಾಟೆಗೆ ಕತ್ತದ (ತೆಂಗಿನ ನಾರಿನ) ಹಗ್ಗ, ಅಟ್ಟದಲ್ಲಿ ಒಳ್ಳೆಯ ಧಾರಣೆಗಾಗಿ ಕಾದಿರಿಸಿದ ಕರಿಮೆಣಸಿನ ಗೋಣಿ. ಈ ಮೂರು ವಸ್ತುಗಳ ಬೆನ್ನಿಗೆ ಒಂದೊಂದು ಕಾರ್ಖಾನೆಯ ಕೇರಿ, ಒಂದೊಂದು ಗೋದಾಮಿನ ಬೀದಿ ಇದೆ. ಎಲ್ಲವೂ ನಮ್ಮ ರೈಲು ಹಳಿಯ ಮೇಲೆಯೇ ಸಿಗುತ್ತವೆ: ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಕಲ್ಲಿಕೋಟೆ, ಕೊಚ್ಚಿಯ ಮಟ್ಟಾಂಚೇರಿ, ಅದರಾಚೆ ಆಲಪ್ಪುಳ. ಹಡಗುಗಳು ದೂರವಾದ ಮೇಲೆ, ಯಂತ್ರಗಳು ನಿಂತ ಮೇಲೆ ಈ ಕೇರಿಗಳ ಗತಿ ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಯಿತು. ಒಂದು ಕಲಾ ಪ್ರದರ್ಶನದಿಂದ ಮರುಜೀವ ಪಡೆಯಿತು, ಇನ್ನೊಂದರಲ್ಲಿ ಸರಕಾರ ವಸ್ತುಸಂಗ್ರಹಾಲಯಗಳಿಗೆ ಕೈಹಾಕಿತು, ಮತ್ತೊಂದು ಬೀಗದ ಹಿಂದೆ ಉಳಿಯಿತು, ಮಗದೊಂದು ಸಾಯಲೇ ಇಲ್ಲ.

ಎರಡು ದಿನ ರಜೆ ಸಿಕ್ಕಿದೆ, ಮನೆಯವರನ್ನೋ ಶಾಲೆಯ ಮಕ್ಕಳನ್ನೋ ಇಂಥ ಒಂದು ಜಾಗಕ್ಕೆ ಕರೆದೊಯ್ಯಬೇಕು, ಎಲ್ಲಿಗೆ ಹೋಗುವುದು ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಬಳಿದ ಹಳೆಯ ಗೋಡೆ ಎಲ್ಲಿಯೂ ಚೆನ್ನಾಗಿಯೇ ಕಾಣುತ್ತದೆ, ಫೋಟೋ ಎಲ್ಲಿಯೂ ಚೆನ್ನಾಗಿಯೇ ಬರುತ್ತದೆ. ಆ ಗೋಡೆಯೊಳಗೆ ದುಡಿದವರು ಯಾರು, ಏನು ಮಾಡುತ್ತಿದ್ದರು, ಅವರಿಗೆ ಏನಾಯಿತು ಎಂಬುದು ಹೋದವರಿಗೆ ತಿಳಿಯುವಂತಿದೆಯೇ ಎನ್ನುವುದನ್ನು ನಾನು ಮುಖ್ಯವಾಗಿ ನೋಡುತ್ತೇನೆ. ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಆಲಪ್ಪುಳ. ಹೆಚ್ಚಿನವರು ಮಟ್ಟಾಂಚೇರಿ ಎನ್ನುತ್ತಾರೆ. ಅವರ ಮಾತು ಸರಿಯಾಗುವ ಕಾಲವೂ ಇದೆ, ಅದನ್ನೂ ಹೇಳುತ್ತೇನೆ.

ಮಟ್ಟಾಂಚೇರಿ ಮತ್ತು ಫೋರ್ಟ್ ಕೊಚ್ಚಿ

ನಾಲ್ಕರಲ್ಲಿ ಹೆಚ್ಚು ಹೆಸರುವಾಸಿಯಾದದ್ದು ಇದು. ಜಾನ್ ಆಸ್ಪಿನ್‌ವಾಲ್ ಎಂಬ ಆಂಗ್ಲ ವ್ಯಾಪಾರಿ 1867ರಲ್ಲಿ ಇಲ್ಲಿ ಕಂಪನಿ ಕಟ್ಟಿದ. ತೆಂಗಿನೆಣ್ಣೆ, ಕರಿಮೆಣಸು, ಶುಂಠಿ, ಅರಸಿನ, ಮಜ್ಜಿಗೆಹುಲ್ಲಿನ ಎಣ್ಣೆ, ಮುಂದೆ ಕತ್ತ, ಕಾಫಿ, ರಬ್ಬರ್ ಎಲ್ಲವೂ ಅವನ ಕಡಲಂಚಿನ ಗೋದಾಮುಗಳಿಂದ ಹಡಗು ಹತ್ತಿದವು. 1920ರ ದಶಕದಿಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹಿನ್ನೀರಿನ ಹೂಳೆತ್ತಿಸಿ ವಿಲ್ಲಿಂಗ್ಡನ್ ದ್ವೀಪವನ್ನು ನಿರ್ಮಿಸಿದಾಗ ದೊಡ್ಡ ಹಡಗುಗಳು ಅತ್ತ ಸರಿದವು. ಕಂಟೈನರ್‌ಗಳ ಕಾಲ ಬಂದ ಮೇಲೆ ಮಟ್ಟಾಂಚೇರಿಯ ಗೋದಾಮುಗಳಿಗೆ ಕೆಲಸ ಇನ್ನೂ ಕಡಿಮೆಯಾಯಿತು. ಹೀಗೆ ಖಾಲಿಯಾದ ಕಟ್ಟಡಗಳಿಗೆ 2012ರ ಡಿಸೆಂಬರ್ 12ರಂದು ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾ ಪ್ರದರ್ಶನ ಬಂತು. ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಅದರ ಹಿಂದೆ ನಿಂತರು. ಆಸ್ಪಿನ್‌ವಾಲ್ ಹೌಸ್, ಒಳಅಂಗಳವಿರುವ ಪೆಪ್ಪರ್ ಹೌಸ್, ಡಚ್ಚರ ಕಾಲದ ಡೇವಿಡ್ ಹಾಲ್ ಮುಂತಾದ ಹೆಸರುಗಳು ಆಗ ಜಗತ್ತಿಗೆ ಪರಿಚಯವಾದವು.

ಬಿನಾಲೆ ಎರಡು ವರ್ಷಕ್ಕೊಮ್ಮೆ ಡಿಸೆಂಬರ್‌ನಲ್ಲಿ ಆರಂಭವಾಗಿ ಬೇಸಗೆಯ ತನಕ ನಡೆಯುವುದು ವಾಡಿಕೆ. ಕೋವಿಡ್‌ನಿಂದಾಗಿ 2020ರ ಆವೃತ್ತಿ 2022ಕ್ಕೆ ಹೋಯಿತು, ಆರನೆಯದು 2025ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಅದು ನಡೆಯುತ್ತಿರುವಾಗ ಹೋಗುವುದಿದ್ದರೆ ಬೇರೆ ಮೂರು ಊರುಗಳನ್ನು ಮರೆತು ಇಲ್ಲಿಗೇ ಹೋಗಿ. ಶುಂಠಿ ತುಂಬುತ್ತಿದ್ದ ಕೋಣೆಯಲ್ಲಿ ನಿಂತು, ಮೇಲೆ ತೇಗದ ತೊಲೆ, ಎದುರಿಗೆ ಹಿನ್ನೀರು, ನಡುವೆ ಯಾವುದೋ ದೇಶದ ಕಲಾವಿದನ ಕೆಲಸ ಇವನ್ನು ಒಟ್ಟಿಗೆ ನೋಡುವ ಅವಕಾಶ ಈ ಕರಾವಳಿಯಲ್ಲಿ ಬೇರೆ ಕಡೆ ಇಲ್ಲ. ವಿದ್ಯಾರ್ಥಿಗಳ ಬಿನಾಲೆ ಮಟ್ಟಾಂಚೇರಿಯ ಒಳಗಿನ ಗೋದಾಮುಗಳಲ್ಲಿ ನಡೆಯುತ್ತದೆ. ಅದನ್ನು ಬಿಡಬೇಡಿ, ಆ ಕಟ್ಟಡಗಳ ಒಳಗು ಬೇರೆ ದಿನಗಳಲ್ಲಿ ನೋಡಲು ಸಿಗುವುದಿಲ್ಲ.

ಬಿನಾಲೆ ಇಲ್ಲದ ತಿಂಗಳುಗಳಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. ದೊಡ್ಡ ಗೋದಾಮುಗಳ ಬಾಗಿಲು ಮುಚ್ಚಿರುತ್ತದೆ, ಉಳಿಯುವುದು ಕೆಫೆಗಳು, ಕರಕುಶಲ ವಸ್ತುಗಳ ಮಳಿಗೆಗಳು. ಯಹೂದಿ ಬೀದಿಯ ಗೋದಾಮುಗಳಲ್ಲಿ ಹೆಚ್ಚಿನವು ಈಗ ಪುರಾತನ ವಸ್ತುಗಳ ಅಂಗಡಿಗಳು. ಅವುಗಳ ನಡುವೆ ನನ್ನ ಮನಸ್ಸಿಗೆ ಹತ್ತಿರವಾಗಿ ನಿಲ್ಲುವುದು ಕರಿಮೆಣಸಿನ ವಾಯಿದೆ ವ್ಯಾಪಾರದ, ಎಂದರೆ ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಕಟ್ಟುವ ವ್ಯಾಪಾರದ, ಹಳೆಯ ವಿನಿಮಯ ಕೇಂದ್ರ. ಕೂಗಿ ಕೂಗಿ ಬೆಲೆ ಕಟ್ಟುತ್ತಿದ್ದ ಆ ಸಭಾಂಗಣದಲ್ಲಿ ಹೇಳಿದ ಧಾರಣೆ ಬದಿಯಡ್ಕ, ಪೆರ್ಲದ ಕೃಷಿಕನ ಮನೆಯ ವರ್ಷದ ಖರ್ಚನ್ನು ನಿರ್ಧರಿಸುತ್ತಿತ್ತು. ನಮ್ಮ ಜಿಲ್ಲೆಯ ಮಕ್ಕಳಿಗೆ ತೋರಿಸಬೇಕಾದ ಕಟ್ಟಡ ಅದು, ಆದರೆ ಪ್ರವಾಸಿಗಳು ಅದರ ಮುಂದೆ ನಿಲ್ಲದೆ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಕಡೆಗೆ ಸಾಗುತ್ತಾರೆ.

ಹೀಗಾಗಿ ಬಿನಾಲೆ ಇಲ್ಲದಾಗ ಹೋದವರು ಯಹೂದಿ ಬೀದಿಯಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಫೋರ್ಟ್ ಕೊಚ್ಚಿಯಿಂದ ಕಲ್ವತ್ತಿ ದಾಟಿ ಬಜಾರ್ ರಸ್ತೆಯಲ್ಲಿ ಮಟ್ಟಾಂಚೇರಿಯವರೆಗೆ ನಡೆಯಿರಿ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ಒಳಗೆ ಹೋದರೆ ಅಕ್ಕಿ ಮೂಟೆ, ಸಾಂಬಾರ ಪದಾರ್ಥಗಳ ಸಗಟು ವ್ಯಾಪಾರ, ಹೊರೆ ಇಳಿಸುವ ಕಾರ್ಮಿಕರು ಎಲ್ಲವೂ ಕಣ್ಣೆದುರು ಇರುತ್ತದೆ. ಒಣಶುಂಠಿಯ ವಾಸನೆ ರಸ್ತೆಗೇ ಬರುತ್ತದೆ. ಆ ಕಾರ್ಮಿಕರ ಹಿಂದಿನ ತಲೆಮಾರಿನವರು ಬಂದರಿನಲ್ಲಿ ಒಂದು ದಿನದ ಕೆಲಸಕ್ಕಾಗಿ ಪಟ್ಟ ಪಾಡನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಬೇಕು. ಮೇಸ್ತ್ರಿ ಲೋಹದ ಬಿಲ್ಲೆಗಳನ್ನು ಗುಂಪಿನತ್ತ ಎಸೆಯುತ್ತಿದ್ದ, ಬಿಲ್ಲೆ ಸಿಕ್ಕಿದವನಿಗೆ ಕೆಲಸ, ಸಿಗದವನಿಗೆ ಹಸಿವು. ‘ಚಾಪ್ಪ’ ಎಂಬ ಈ ಪದ್ಧತಿಯ ವಿರುದ್ಧದ ಹೋರಾಟದಲ್ಲಿ 1953ರ ಸೆಪ್ಟೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಕೆಫೆಗಳ ಗೋಡೆಯ ಮೇಲೆ ಮಸಾಲೆ ವ್ಯಾಪಾರದ ಹಳೆಯ ಚಿತ್ರಗಳು ಧಾರಾಳವಾಗಿ ತೂಗುತ್ತವೆ, ಈ ಸಂಗತಿ ಮಾತ್ರ ಅಲ್ಲಿಲ್ಲ. ಮಟ್ಟಾಂಚೇರಿಯ ಮರುಜೀವದ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ.

ದಿನ ಆರಿಸುವಾಗ ಎಚ್ಚರ ಬೇಕು. ಮಟ್ಟಾಂಚೇರಿ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. 1568ರ ಪರದೇಸಿ ಸಿನಗಾಗ್ ಶನಿವಾರ ತೆರೆಯುವುದಿಲ್ಲ, ಶುಕ್ರವಾರ ಮಧ್ಯಾಹ್ನದ ಮೇಲೂ ನೆಚ್ಚುವಂತಿಲ್ಲ. ಭಾನುವಾರ ಬಜಾರ್ ರಸ್ತೆ ಮಲಗಿರುತ್ತದೆ. ವಾರಾಂತ್ಯವೇ ಸಿಗುವವರಿಗೆ ಇದು ಅನನುಕೂಲ. ಸೋಮವಾರದಿಂದ ಗುರುವಾರದ ಒಳಗೆ ಹೋಗಲು ನೋಡಿ. ಎರ್ನಾಕುಳಂನಲ್ಲಿ ಇಳಿದು ಸರಕಾರಿ ದೋಣಿಯಲ್ಲಿಯೋ ವಾಟರ್ ಮೆಟ್ರೋದಲ್ಲಿಯೋ ಫೋರ್ಟ್ ಕೊಚ್ಚಿ ಸೇರುವುದು ಎಲ್ಲಕ್ಕಿಂತ ಒಳ್ಳೆಯದು. ಗೋದಾಮುಗಳ ಮುಖ ಇರುವುದು ನೀರಿನ ಕಡೆಗೆ, ರಸ್ತೆಯಿಂದ ಕಾಣುವುದು ಅವುಗಳ ಬೆನ್ನು. ಕೊಂಕಣಿ ಮಾತನಾಡುವ ಮಂಜೇಶ್ವರ, ಕುಂಬಳೆಯ ಕುಟುಂಬಗಳಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ: ತಿರುಮಲ ದೇವಸ್ವಂನ ಸುತ್ತಲಿನ ಚೆರ್ಲಾಯಿಯಲ್ಲಿ ಮನೆಮಾತಿನಲ್ಲಿಯೇ ವ್ಯವಹರಿಸಬಹುದು. ಸಸ್ಯಾಹಾರಿಗಳಿಗೆ ಗುಜರಾತಿ ಬೀದಿ ಇದೆ.

ಆಲಪ್ಪುಳ

ಆಲಪ್ಪುಳ ಎಂದರೆ ದೋಣಿಮನೆ ಎಂದು ಹೇಳುವವರೇ ಹೆಚ್ಚು. ದೋಣಿಮನೆಗೆ ಹೋಗುವ ಸಾವಿರಾರು ಜನ ಪಟ್ಟಣವನ್ನು ನೋಡುವುದೇ ಇಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ, ಏಕೆಂದರೆ ಯೋಜನೆ ಹಾಕಿ ಕಟ್ಟಿದ ಇಂಥ ವ್ಯಾಪಾರಿ ಪಟ್ಟಣ ನಮ್ಮ ಕರಾವಳಿಯಲ್ಲಿ ಅಪರೂಪ. 1762ರಲ್ಲಿ ತಿರುವಾಂಕೂರು ಇಲ್ಲಿ ಬಂದರು ತೆರೆಯಿತು. ದಿವಾನ ರಾಜಾ ಕೇಶವದಾಸ ಅದನ್ನು ಬೆಳೆಸಿದ, ಗುಜರಾತ್ ಕಡೆಯ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಹಿನ್ನೀರಿನಿಂದ ಕಡಲಂಚಿಗೆ ಸರಕು ತರಲು ಎರಡು ಕಾಲುವೆಗಳು ಸಮಾನಾಂತರವಾಗಿ ಸಾಗುತ್ತವೆ, ಒಂದು ವಾಡ ಕಾಲುವೆ, ಇನ್ನೊಂದು ವಾಣಿಜ್ಯ ಕಾಲುವೆ. ಕಾಲುವೆಯ ದಂಡೆಯ ಉದ್ದಕ್ಕೂ ಗೋದಾಮು, ಕಾರ್ಖಾನೆ, ಕಚೇರಿ. ಕೊನೆಯಲ್ಲಿ 1862ರ ಕಡಲ ಸೇತುವೆ ಮತ್ತು ಅದೇ ವರ್ಷದ ದೀಪಸ್ತಂಭ. ಸೇತುವೆಯಲ್ಲಿ ಈಗ ಉಳಿದಿರುವುದು ತುಕ್ಕು ಹಿಡಿದ ಕಂಬಗಳು.

ಈ ಪಟ್ಟಣವನ್ನು ಕಾರ್ಖಾನೆಯ ಊರಾಗಿಸಿದ್ದು ಕತ್ತ. 1859ರಲ್ಲಿ ಜೇಮ್ಸ್ ಡರಾ ಮತ್ತು ಹೆನ್ರಿ ಸ್ಮೈಲ್ ಇಲ್ಲಿ ಕತ್ತದ ಚಾಪೆ ನೇಯುವ ಮೊದಲ ಕಾರ್ಖಾನೆ ತೆರೆದರು, ಅವರ ಹಿಂದೆ ಯುರೋಪಿನ ಹಲವು ಕಂಪನಿಗಳು ಬಂದವು. ತೆಂಗಿನ ಸಂಶೋಧನೆ 1916ರಲ್ಲಿಯೇ ಆರಂಭವಾದ ಜಿಲ್ಲೆಯವರು ನಾವು. ತೆಂಗಿನ ಮರವನ್ನು ನಮಗೆ ಯಾರೂ ಪರಿಚಯಿಸಬೇಕಾಗಿಲ್ಲ. ಆದರೂ ಸಿಪ್ಪೆ ಚಾಪೆಯಾಗುವ ದಾರಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಹಸಿ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಬೇಕು. ಆ ಕೊಳೆತ ಸಿಪ್ಪೆಯನ್ನು ಕೊಡತಿಯಿಂದ ಬಡಿದು ನಾರು ಬಿಡಿಸಬೇಕು, ಇದು ಹೆಂಗಸರ ಕೆಲಸವಾಗಿತ್ತು. ರಾಟೆಯಲ್ಲಿ ನಾರನ್ನು ಹುರಿಗೊಳಿಸುವುದೂ ಅವರದೇ. ಬಣ್ಣ ಹಾಕಿ ಭಾರವಾದ ಮಗ್ಗದಲ್ಲಿ ನೇಯುವ ಕೆಲಸ ಕಾರ್ಖಾನೆಯೊಳಗೆ, ಗಂಡಸರದು. ನೀರಿನ ಬದಿಯ ಹೆಂಗಸಿನ ಕೂಲಿಗೂ ಕಾರ್ಖಾನೆಯ ಗಂಡಸಿನ ಕೂಲಿಗೂ ಇದ್ದ ಅಂತರ, ಆ ಇಬ್ಬರ ಕೂಲಿಗೂ ಯುರೋಪಿನ ಮನೆಯ ಹೊಸ್ತಿಲಲ್ಲಿ ಬಿದ್ದ ಚಾಪೆಯ ಬೆಲೆಗೂ ಇದ್ದ ಅಂತರ, ಇವೆರಡರಿಂದ ಆಲಪ್ಪುಳದ ಆಧುನಿಕ ಚರಿತ್ರೆ ಹುಟ್ಟಿತು.

1922ರಲ್ಲಿ ಇಲ್ಲಿ ವಾಡಪ್ಪುರಂ ಪಿ.ಕೆ. ಬಾವಾ ಕಾರ್ಮಿಕ ಸಂಘ ಕಟ್ಟಿದರು. 1938ರಲ್ಲಿ ಕತ್ತದ ಕಾರ್ಮಿಕರ ಸಾರ್ವತ್ರಿಕ ಮುಷ್ಕರ ನಡೆಯಿತು. 1946ರ ಅಕ್ಟೋಬರ್‌ನಲ್ಲಿ ದಿವಾನ ಸಿ.ಪಿ. ರಾಮಸ್ವಾಮಿ ಅಯ್ಯರ್ ಆಡಳಿತದ ವಿರುದ್ಧ ಪುನ್ನಪ್ರ, ವಯಲಾರ್‌ಗಳಲ್ಲಿ ಎದ್ದವರಲ್ಲಿ ಇದೇ ಕಾರ್ಮಿಕರಿದ್ದರು. ಅವರ ಸ್ಮಾರಕ ಪಟ್ಟಣದ ವಲಿಯ ಚುಡುಕಾಡಿನಲ್ಲಿದೆ. 1943ರಲ್ಲಿ ನಾಲ್ವರು ರೈತ ಯುವಕರು ಗಲ್ಲಿಗೇರಿದ ಕಯ್ಯೂರು ನಮ್ಮ ಜಿಲ್ಲೆಯದೇ. ಆ ಹೆಸರು ಗೊತ್ತಿರುವ ಮಕ್ಕಳಿಗೆ ಆಲಪ್ಪುಳದ ಈ ಕಥೆಯನ್ನು ವಿವರಿಸಲು ಹೆಚ್ಚು ಮಾತು ಬೇಕಾಗುವುದಿಲ್ಲ. ಇಲ್ಲಿ ಕಾರ್ಖಾನೆಯ ಗೋಡೆಯಿಂದ ಸ್ಮಾರಕದವರೆಗೆ ಒಂದೇ ದಿನದಲ್ಲಿ ಹೋಗಬಹುದು. ಆಲಪ್ಪುಳವನ್ನು ಮೊದಲು ಇಡುವುದಕ್ಕೆ ನನಗೆ ಇಷ್ಟೇ ಸಾಕು.

ಸ್ವಾತಂತ್ರ್ಯದ ನಂತರ ದೊಡ್ಡ ಕಾರ್ಖಾನೆಗಳ ಕೆಲಸ ಸಣ್ಣ ಉತ್ಪಾದಕರಿಗೂ ಸಹಕಾರ ಸಂಘಗಳಿಗೂ ಹಂಚಿಹೋಯಿತು, ಬಂದರೂ ಕ್ರಮೇಣ ನಿಂತಿತು. ಆಲಪ್ಪುಳದ ಕತ್ತದ ಉದ್ಯಮವನ್ನೇ ತಮ್ಮ ಸಂಶೋಧನೆಯ ವಿಷಯವಾಗಿಸಿಕೊಂಡಿದ್ದ ಅರ್ಥಶಾಸ್ತ್ರಜ್ಞ ಥಾಮಸ್ ಐಸಾಕ್ ಮುಂದೆ ಕೇರಳದ ಹಣಕಾಸು ಸಚಿವರಾದಾಗ ಪಟ್ಟಣದ ಪಾರಂಪರಿಕ ಯೋಜನೆಗೆ ಬಲ ಬಂತು. ಕಾಲುವೆಗಳನ್ನು ಶುಚಿಗೊಳಿಸುವುದು, ಗೋದಾಮು ಕಾರ್ಖಾನೆಗಳನ್ನು ಕೆಡವದೆ ವಸ್ತುಸಂಗ್ರಹಾಲಯಗಳಾಗಿಸುವುದು ಅದರ ಉದ್ದೇಶ. 2021ರಲ್ಲಿ ಕೊಚ್ಚಿ ಬಿನಾಲೆ ಪ್ರತಿಷ್ಠಾನ ‘ಲೋಕಮೇ ತರವಾಡು’ ಎಂಬ ದೊಡ್ಡ ಕಲಾ ಪ್ರದರ್ಶನವನ್ನು ಇಲ್ಲಿನ ಕತ್ತದ ಸಂಘದ ಕಟ್ಟಡ, ಬಂದರು ವಸ್ತುಸಂಗ್ರಹಾಲಯ ಮುಂತಾದೆಡೆ ನಡೆಸಿತು. ಕೆಲಸ ಹಂತಹಂತವಾಗಿ ಸಾಗುತ್ತಿರುವುದರಿಂದ ಯಾವ ಕಟ್ಟಡ ತೆರೆದಿದೆ ಎಂದು ಜಿಲ್ಲಾ ಪ್ರವಾಸೋದ್ಯಮ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಿ. ಪಟ್ಟಣದಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿಯ ಬದಿಯ ಕಲವೂರಿನಲ್ಲಿ ಕತ್ತ ಮಂಡಳಿಯ ವಸ್ತುಸಂಗ್ರಹಾಲಯವಿದೆ. ಸಿಪ್ಪೆಯಿಂದ ಚಾಪೆಯವರೆಗಿನ ದಾರಿಯನ್ನು ಮಕ್ಕಳಿಗೆ ಅಲ್ಲಿ ತೋರಿಸಬಹುದು.

ಕೊರತೆಗಳೂ ಇವೆ. ಮಟ್ಟಾಂಚೇರಿಯ ಹಾಗೆ ಹೆಜ್ಜೆಹೆಜ್ಜೆಗೆ ಕುಳಿತು ದಣಿವಾರಿಸಿಕೊಳ್ಳುವ ಜಾಗ ಇಲ್ಲಿಲ್ಲ. ಕಾಲುವೆಯಲ್ಲಿ ಅಂತರಗಂಗೆ ಹಬ್ಬಿದ ತಿಂಗಳುಗಳಲ್ಲಿ ದಂಡೆಯ ನಡಿಗೆಗೆ ಅಷ್ಟು ಸೊಗಸಿಲ್ಲ. 2021ರಲ್ಲಿ ತೆರೆದ ಬೈಪಾಸ್‌ನ ಮೇಲ್ಸೇತುವೆ ಕಡಲತೀರದ ಮೇಲೆಯೇ ಹಾದುಹೋಗುತ್ತದೆ, ಹಳೆಯ ಬಂದರಿನ ನೋಟಕ್ಕೆ ಅದು ಅಡ್ಡ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ರೈಲು ನಿಲ್ದಾಣ ಕಡಲಿನ ಬದಿಗೇ ಇದೆ, ನೆಲ ಸಮತಟ್ಟು, ಹಿರಿಯರಿಗೆ ತೊಂದರೆಯಿಲ್ಲ.

ಕಲ್ಲಿಕೋಟೆ

ಮರುಜೀವ ಪಡೆದ ಕೈಗಾರಿಕಾ ಕೇರಿಯನ್ನು ನೋಡಬೇಕೆಂದು ಕಲ್ಲಿಕೋಟೆಗೆ ಹೋಗುವುದಾದರೆ ನನ್ನ ಸಲಹೆ: ಬೇಡ. ಮಾನಾಂಚಿರದ ಎದುರಿಗೆ, ನಗರದ ನಟ್ಟನಡುವೆ, 1844ರಲ್ಲಿ ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಆರಂಭಿಸಿದ ನೇಯ್ಗೆ ಕಾರ್ಖಾನೆ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನ ಉದ್ಯಮಗಳು ಬ್ರಿಟಿಷರ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಸೇರಿದ್ದರಿಂದ ಊರಿನವರು ಅದನ್ನು ಕೋಮ್‌ಟ್ರಸ್ಟ್ ಎನ್ನುತ್ತಾರೆ. 2009ರಲ್ಲಿ ಅದು ಮುಚ್ಚಿತು. ಕಾರ್ಖಾನೆಯನ್ನು ಸರಕಾರ ವಹಿಸಿಕೊಳ್ಳಲು ಕೇರಳ ವಿಧಾನಸಭೆ 2012ರಲ್ಲಿ ಮಸೂದೆ ಅಂಗೀಕರಿಸಿತು, ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 2018ರಲ್ಲಿ. ಕೆಲಸ ಕಳೆದುಕೊಂಡವರು ವರ್ಷಗಳ ಕಾಲ ಹೋರಾಟ ನಡೆಸಿದರು. ನೋಡಲು ಸಿಗುವುದು ಹೊರಗೋಡೆ ಮಾತ್ರ. ಆದರೂ ಬೇರೆ ಕೆಲಸಕ್ಕೆ ಹೋದವರು ಆ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಿ. ಸಮೀಪದ ಮಿಠಾಯಿ ಬೀದಿಯನ್ನು 2017ರಲ್ಲಿ ನವೀಕರಿಸಿದ ಮೇಲೆ ಅಲ್ಲಿ ಓಡಾಡುವುದು ಸುಖಕರವಾಗಿದೆ. ದಾರಿಯಲ್ಲಿ ವಡಗರದ ಹತ್ತಿರ ಇರಿಂಙಲ್‌ನಲ್ಲಿ ಕೈಬಿಟ್ಟ ಕಲ್ಲುಕೋರೆಯನ್ನು ಕರಕುಶಲ ಗ್ರಾಮವಾಗಿಸಿದ ಸರ್ಗಾಲಯ ಇದೆ. ಅದು ನಗರದ ಕೇರಿಯಲ್ಲ, ಆದರೆ ಸಣ್ಣ ಮಕ್ಕಳಿರುವವರು ಕಲ್ಲಿಕೋಟೆಗಿಂತ ಅಲ್ಲಿಗೆ ಹೋಗುವುದು ಲೇಸು.

ಮಂಗಳೂರು

ಒಂದೇ ದಿನವಿದ್ದರೆ ಮಂಗಳೂರು. ದಿನಾ ಹೋಗುವ ಊರಲ್ಲಿ ನೋಡುವುದೇನು ಎನ್ನಬೇಡಿ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭಿಸಿದ. ಹೊಳೆಯ ಆವೆಮಣ್ಣು, ಅಚ್ಚು, ಗೂಡಿನ ಬೆಂಕಿ ಇವಿಷ್ಟರಿಂದ ಹುಟ್ಟಿದ ಹಂಚು ಈ ಕರಾವಳಿಯ ಮುಳಿಮಾಡುಗಳ ಕಾಲವನ್ನು ಮುಗಿಸಿತು. ಹೊರಡುವ ಮೊದಲು ನಿಮ್ಮದೇ ಹಳೆಯ ಮನೆಯ ಅಥವಾ ಕೊಟ್ಟಿಗೆಯ ಒಂದು ಹಂಚನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಆ ಹೆಸರನ್ನು ಬರೆದುಕೊಂಡು ಜೆಪ್ಪು, ಮೋರ್ಗನ್ಸ್ ಗೇಟ್, ಬೋಳಾರದ ಕಡೆ ನಡೆದರೆ ಮಕ್ಕಳಿಗೆ ಅದೇ ಒಂದು ಹುಡುಕಾಟವಾಗುತ್ತದೆ. ಕಾಂಕ್ರೀಟು ಬಂದ ಮೇಲೆ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಹಲವು ಜಾಗಗಳಲ್ಲಿ ಈಗ ವಸತಿ ಸಮುಚ್ಚಯಗಳಿವೆ. ಒಂದನ್ನಾದರೂ ಗೂಡು, ಹೊಗೆಗೊಳವೆಗಳ ಸಹಿತ ಜನ ನೋಡುವಂತೆ ಉಳಿಸಿಕೊಳ್ಳಬೇಕು. ಆ ಜವಾಬ್ದಾರಿ ಕನ್ನಡ ನಾಡಿನದು.

ಮಿಷನ್ನಿನ ಇನ್ನೊಂದು ಮುಖ ಬಲ್ಮಠದಲ್ಲಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಈ ಮಿಷನ್ನಿನ ಉದ್ಯಮದಿಂದಲೇ. ಕೇರಳದ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮ್ಮ ಮಕ್ಕಳು ತಮ್ಮ ಭಾಷೆಯ ಅಚ್ಚಿನ ಚರಿತ್ರೆಯನ್ನು ತಿಳಿಯಲು ಇದಕ್ಕಿಂತ ಹತ್ತಿರದ ಜಾಗವಿಲ್ಲ. ಅಲ್ಲಿಂದ ಹಳೆಯ ಬಂದರಿಗೆ ಇಳಿಯಿರಿ. ಪಣಂಬೂರಿನಲ್ಲಿ ಹೊಸ ಬಂದರು ಬಂದರೂ ಇಲ್ಲಿಯ ಸಗಟು ಅಂಗಡಿಗಳು, ಧಕ್ಕೆಯ ಮೀನು, ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ ಒಯ್ಯುವ ಮಂಜಿಗಳು (ಸರಕಿನ ನಾವೆಗಳು) ನಿಂತಿಲ್ಲ. ಇಲ್ಲಿ ಯಾರೂ ಮರುಜೀವ ಕೊಡಬೇಕಾಗಿ ಬಂದಿಲ್ಲ. ದುಡಿಮೆ ಹೇಗಿರುತ್ತದೆ ಎಂದು ಕಣ್ಣಾರೆ ನೋಡಲು ನಾಲ್ಕು ಊರುಗಳಲ್ಲಿ ಇದನ್ನು ಮೀರಿದ್ದು ನನಗೆ ಕಂಡಿಲ್ಲ. ಬೆಳಿಗ್ಗೆ ಬೇಗ ಹೋಗಿ, ದಾರಿಗೆ ಅಡ್ಡ ನಿಲ್ಲಬೇಡಿ, ಹೊರೆ ಹೊತ್ತವರ ಫೋಟೋ ತೆಗೆಯುವ ಮೊದಲು ಕೇಳಿ.

ಹೊರಡುವ ಲೆಕ್ಕ

ಆಲಪ್ಪುಳಕ್ಕೆ ಮಂಗಳೂರಿನಿಂದ ಬೆಳಿಗ್ಗೆ ಹೊರಡುವ ವಂದೇ ಭಾರತ್ ಅನುಕೂಲ. ಅದು ಎರ್ನಾಕುಳಂನ ಬಳಿಕ ಆಲಪ್ಪುಳ ಮಾರ್ಗದಲ್ಲಿ ಸಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯಬಹುದು. ಕಾಸರಗೋಡಿನಿಂದ ಹೊರಡುವ ಇನ್ನೊಂದು ವಂದೇ ಭಾರತ್ ಕೋಟ್ಟಯಂ ಮಾರ್ಗದ್ದು, ಟಿಕೆಟ್ ಮಾಡುವಾಗ ಇದನ್ನು ಗಮನಿಸಿ. ಮಾವೇಲಿ ಎಕ್ಸ್‌ಪ್ರೆಸ್ ಕೂಡ ಆಲಪ್ಪುಳ ದಾರಿಯದೇ, ಖರ್ಚೂ ಕಡಿಮೆ, ಆದರೆ ನಸುಕಿಗೂ ಮುಂಚೆ ಇಳಿಸುತ್ತದೆ. ಹಿರಿಯರು, ಮಕ್ಕಳು ಜೊತೆಗಿದ್ದರೆ ಬೇಡ.

ಎರಡೂವರೆ ದಿನ ಹೊಂದಿಸಿಕೊಳ್ಳಬಲ್ಲವರು ಆಲಪ್ಪುಳ, ಮಟ್ಟಾಂಚೇರಿ ಎರಡನ್ನೂ ಸೇರಿಸಿಕೊಳ್ಳಬಹುದು, ನಡುವಿನ ದಾರಿ ಬಸ್ಸಿನಲ್ಲಿ ಎರಡು ಗಂಟೆಯ ಆಸುಪಾಸು. ಹಾಗೆ ಮಾಡುವಾಗ ಆಲಪ್ಪುಳವನ್ನು ಮೊದಲು ನೋಡಿ. ಕತ್ತದ ಕಾರ್ಖಾನೆಯೊಳಗಿನ ದುಡಿಮೆಯನ್ನು ತಿಳಿದ ಮೇಲೆ ಮಟ್ಟಾಂಚೇರಿಯ ಗೋದಾಮಿನೊಳಗೆ ಕಾಲಿಟ್ಟರೆ ಕಲಾಕೃತಿಯ ಜೊತೆಗೆ ನೆಲ, ತೊಲೆ, ಬಾಗಿಲುಗಳ ಮೇಲೂ ಕಣ್ಣು ಹೋಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹವೆ ಹಿತ. ಆಟಿಯ ಮಳೆಯಲ್ಲಿ ಮಂಗಳೂರಿನ ಬಂದರಿಗೂ ಹೋಗಬೇಡಿ, ಆ ತಿಂಗಳುಗಳಲ್ಲಿ ಮಂಜಿಗಳು ಕಡಲಿಗಿಳಿಯುವುದಿಲ್ಲ.